ಪೋಲರೈಸ್ ಆದ ಫೋಟಾನೇ ಯಾಕೆ?
ಕೇಯಾನ್ ಅನ್ನೋ ಅಲ್ಪಾಯುಷಿ ಕಣ ಹುಟ್ಟಿಸೋಕೆ ಸಾದಾ ಗಾಮಾ ಕಿರಣ ಸಾಕಲ್ವಾ, ಅದನ್ನ ಪೋಲರೈಸ್ ಮಾಡೋದು (ಒಂದೇ ದಿಕ್ಕಿಗೆ ಕಂಪಿಸೋ ಹಾಗೆ ಮಾಡೋದು) ಯಾಕೆ ಅಂತ ಕೇಳಿದ್ದೀರಿ. ಹುಟ್ಟಿಸೋಕೆ ಸಾಕು. ಕನಿಷ್ಠ ಸುಮಾರು 911 ಎಂಇವಿ (ಕಣಗಳ ಶಕ್ತಿಯ ಅಳತೆ) ಶಕ್ತಿಯ ಫೋಟಾನ್, ಅಂದರೆ ಗಾಮಾ ಕಿರಣದ ಒಂದು ಕಣ, ಪ್ರೋಟಾನಿಗೆ ಬಡಿದರೆ ಕೇಯಾನ್ ಮತ್ತು ಲ್ಯಾಮ್ಡಾ ಅನ್ನೋ ಇನ್ನೊಂದು ಕಣ ಜೋಡಿಯಾಗಿ ಬರುತ್ತವೆ. ಆದರೆ ನಡುವೆ ಪ್ರೋಟಾನಿನ ಹಲವು ಉದ್ರಿಕ್ತ ಸ್ಥಿತಿಗಳು (ಶಕ್ತಿ ಹೀರಿ ಕ್ಷಣಕಾಲ ಇರುವ ರೂಪಗಳು) ಒಂದರ ಮೇಲೊಂದು ಬಿದ್ದಿರುತ್ತವೆ, ಸುಮ್ನೆ ಎಣಿಸಿದರೆ ಯಾವುದು ಯಾವುದೋ ತಿಳಿಯಲ್ಲ.

ನಾಲ್ಕು ಗಂಟೆ ಹೊತ್ತಿಗೆ ಕಾರವಾರದ ಬೀಚಲ್ಲಿ ಪೋಲರಾಯ್ಡ್ ಕನ್ನಡಕ ಹಾಕಿ ತಲೆ ವಾಲಿಸಿ ನೋಡಿ, ನೀರಿನ ಹೊಳಪು ಕಡಿಮೆ ಜಾಸ್ತಿ ಆಗುತ್ತದೆ. ಇಲ್ಲೂ ಹಾಗೇ, ಫೋಟಾನ್ ಯಾವ ದಿಕ್ಕಿಗೆ ಕಂಪಿಸುತ್ತದೆ ಅಂತ ಗೊತ್ತಿದ್ದರೆ ಕೇಯಾನ್ ಯಾವ ಕಡೆ ಜಾಸ್ತಿ ಹಾರಿತು ಎಂದು ನೋಡಿ ಆ ಸ್ಥಿತಿಗಳನ್ನು ಬಿಡಿಸಬಹುದು. ಅಮೆರಿಕದ ಜೆಫರ್ಸನ್ ಲ್ಯಾಬಲ್ಲಿ ಎಲೆಕ್ಟ್ರಾನುಗಳನ್ನು ತೆಳು ವಜ್ರದ (ಹೌದು, ವಜ್ರವೇ!) ಮೂಲಕ ಹಾಯಿಸಿ ಇಂಥ ಫೋಟಾನ್ ಮಾಡುತ್ತಾರೆ. ಲ್ಯಾಮ್ಡಾ ಇನ್ನೂ ಉಪಕಾರಿ: ಅದು ಒಡೆದಾಗ ಬರುವ ಪ್ರೋಟಾನ್ ಹೆಚ್ಚಾಗಿ ಲ್ಯಾಮ್ಡಾದ ಸ್ಪಿನ್ (ಕಣದ ಸ್ವಂತ ತಿರುಗು ಗುಣ) ದಿಕ್ಕಿಗೇ ಹಾರುತ್ತದೆ, ಹಾಗಾಗಿ ಆ ಸ್ಪಿನ್ ಯಾವ ಕಡೆ ಇತ್ತು ಅಂತಲೂ ತಿಳಿಯುತ್ತದೆ.