ಏಳೂವರೆಯ ಇಳಿತ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟ ದಂಪತಿಗಳಿಬ್ಬರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಬರೆಯಲು ಎರಡು ಕಾರಣಗಳಿವೆ. 2020ರ ಲಾಕ್‌ಡೌನಿನ ನಂತರ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ತುಮಕೂರಿಗೆ ಮರಳಿದ ಐಟಿ ಕುಟುಂಬಗಳಿಂದ ಇದೇ ಬಗೆಯ ದೂರು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿದೆ ಎಂಬುದು ಒಂದು. ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ, ಅವರ ಆಕ್ಷೇಪ ಇಂದಿಗೂ ನನ್ನನ್ನು ಬಿಟ್ಟಿಲ್ಲ ಎಂಬುದು ಇನ್ನೊಂದು.

ಗಂಡನಿಗೆ ನಲವತ್ತರ ಹತ್ತಿರದ ವಯಸ್ಸು. ಸಾಫ್ಟ್‌ವೇರ್ ಕೆಲಸ. ತಿಂಗಳಿಗೆ ಹತ್ತು ದಿನ ಪುಣೆ ಅಥವಾ ಹೈದರಾಬಾದು, ಮೂರು ತಿಂಗಳಿಗೊಮ್ಮೆ ಎರಡು ಮೂರು ವಾರ ಜರ್ಮನಿ. ಮನೆಯಲ್ಲಿ ತಾಯಿ, ಹೆಂಡತಿ, ಒಂಬತ್ತು ವರ್ಷದ ಮಗ. ಬೆಸುಗೆ ಕಡ್ಡಿ ಹಿಡಿದು ಕೂತರೆ ಊಟದ ನೆನಪಿಲ್ಲದ ಮನುಷ್ಯ. ಮಹಡಿ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಇಟ್ಟು, ಮನೆಯ ದೀಪಗಳು, ಗೇಟಿನ ಗಂಟೆ, ನೀರಿನ ಮೋಟಾರು ಎಲ್ಲವನ್ನೂ ಅದಕ್ಕೆ ಜೋಡಿಸಿದ್ದರು. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಮನೆಯನ್ನು ಫೋನಿನಲ್ಲಿ ನೋಡಬಹುದಿತ್ತು, ನಡೆಸಬಹುದಿತ್ತು. ನಿದ್ದೆ ಬರುವುದಿಲ್ಲ, ಹೆಂಡತಿಯೊಡನೆ ಮಾತು ನಿಂತಿದೆ ಎಂದು ಮೊದಲು ನನ್ನ ಬಳಿಗೆ ಬಂದವರು ಅವರೇ.

ಮಾತು ನಿಂತದ್ದು ಮೋಟಾರಿನ ದೆಸೆಯಿಂದ. ತುಮಕೂರಿಗೆ ಹೇಮಾವತಿಯ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ ಬರುತ್ತದೆ. ನಮ್ಮ ನಲ್ಲಿಗಳಲ್ಲಿ ನೀರು ದಿನವೂ ಬರುವುದಿಲ್ಲವಾದ್ದರಿಂದ ಸಂಪು, ಮೋಟಾರು, ಮೇಲಿನ ಟ್ಯಾಂಕು ಇವುಗಳ ಮೇಲೆಯೇ ಸಂಸಾರ ನಿಂತಿರುತ್ತದೆ ಎಂಬುದನ್ನು ಈ ಊರಿನವರಿಗೆ ಹೇಳಬೇಕಿಲ್ಲ. ಈ ಮನೆಯಲ್ಲಿ ಟ್ಯಾಂಕಿನ ನೀರು ಒಂದು ಮಟ್ಟಕ್ಕಿಂತ ಇಳಿದರೆ ಮೋಟಾರು ತಾನಾಗಿ ಓಡುವ ವ್ಯವಸ್ಥೆ ಇತ್ತು. ಒಂದು ಬೆಳಗ್ಗೆ ಅದು ಓಡಲಿಲ್ಲ. ಮಗನ ಸ್ನಾನವಾಗಬೇಕು, ಶಾಲೆಯ ವ್ಯಾನು ಬರುವ ಹೊತ್ತು. ಜರ್ಮನಿಯಲ್ಲಿ ಆಗ ರಾತ್ರಿ ಮೂರೂವರೆ, ಗಂಡನ ಫೋನು ಮೌನದಲ್ಲಿತ್ತು. ಹೆಂಡತಿ ಬೀದಿಯ ವೈರ್‌ಮ್ಯಾನನ್ನು ಕರೆಸಿ, ಮೋಟಾರನ್ನು ತಾನಾಗಿ ಓಡಿಸುವ ರಿಲೇ ಎಂಬ ಸ್ವಿಚ್ಚನ್ನು ತಪ್ಪಿಸಿ ಒಂದು ಮಾಮೂಲಿ ಸ್ವಿಚ್ಚು ಹಾಕಿಸಿಬಿಟ್ಟರು. “ಮೂರು ತಿಂಗಳು ಕೂತು ಮಾಡಿದ್ದನ್ನು ಐನೂರು ರೂಪಾಯಿಗೆ ಕೀಳಿಸಿಬಿಟ್ಟಳು” ಎಂದು ಅವರು ನನ್ನೆದುರು ಹೇಳಿದಾಗ ಅವರ ದನಿ ನಡುಗುತ್ತಿತ್ತು. ನನಗೆ ಒಳಗೊಳಗೇ ನಗು ಬಂದದ್ದನ್ನು ಒಪ್ಪಿಕೊಳ್ಳುತ್ತೇನೆ. ಆ ನಗು ತಪ್ಪು ಎಂದು ತಿಳಿದದ್ದು ಮೂರನೆಯ ಭೇಟಿಯಲ್ಲಿ, ಹೆಂಡತಿಯೂ ಜೊತೆಗೆ ಬಂದ ದಿನ.

ಊರಿಗೆ ಮರಳಿದ ದಿನ ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದು, ದೊಡ್ಡಬಳ್ಳಾಪುರ, ದಾಬಸ್‌ಪೇಟೆಯ ಮಾರ್ಗವಾಗಿ ಟ್ಯಾಕ್ಸಿಯಲ್ಲಿ ಮನೆ ಸೇರುತ್ತೇನೆ ಎಂದರು. ಆಮೇಲೆ? ಅವರು ತಡವರಿಸಿದಾಗ ಉತ್ತರ ಕೊಟ್ಟವರು ಹೆಂಡತಿ.

“ಚಪ್ಪಲಿ ಬಿಟ್ಟು ಮೊದಲು ಆ ಕಪಾಟು ತೆಗೀತಾರೆ ಮೇಡಂ. ದೀಪ ಮಿಣುಕ್ತಾ ಇದೆಯಾ ನೋಡ್ತಾರೆ. ಆಮೇಲೆ ನಮ್ಮನ್ನ. ಈ ಸಲ ಹೋಗಿದ್ದಾಗ ಮಗನಿಗೆ ಮೂರು ದಿನ ಜ್ವರ. ಟ್ಯಾಂಕಲ್ಲಿ ಎಷ್ಟು ನೀರಿದೆ ಅಂತ ಇವರಿಗೆ ಗಳಿಗೆ ಗಳಿಗೆಗೂ ಗೊತ್ತು. ಜ್ವರ ಗೊತ್ತಿರಲಿಲ್ಲ.”

“ನೀನು ಹೇಳಲಿಲ್ಲ” ಎಂದರು ಗಂಡ.

“ಹೇಳಿದ್ದರೆ ಆನ್‌ಲೈನಲ್ಲಿ ಇನ್ನೊಂದು ಥರ್ಮಾಮೀಟರ್ ತರಿಸ್ತಿದ್ರಿ.”

ಇಂಥ ಮಾತಿನ ನಂತರ ಸಾಮಾನ್ಯವಾಗಿ ಜಗಳ ಏರುತ್ತದೆ. ನಾನು ನಡುವೆ ಬರಲು ಸಿದ್ಧಳಾಗಿದ್ದೆ. ಆದರೆ ಅವರು ಬಹಳ ಹೊತ್ತು ಸುಮ್ಮನಿದ್ದು, ಮೇಜಿನ ಕಡೆ ನೋಡುತ್ತ, “ಆ ಮೂರು ದಿನ ಏಳೂವರೆಯ ಇಳಿತ ಇರಲಿಲ್ಲ” ಎಂದರು. ನಮಗಿಬ್ಬರಿಗೂ ಅರ್ಥವಾಗಲಿಲ್ಲ. ವಿವರಿಸಲು ಹೇಳಿದೆ.

ಟ್ಯಾಂಕಿನ ಮುಚ್ಚಳದ ಒಳಗೆ ಒಂದು ಸೆನ್ಸರು ಇದೆ. ಅದು ಕಿವಿಗೆ ಕೇಳದ ಶಬ್ದವೊಂದನ್ನು ಕೆಳಕ್ಕೆ ಬಿಟ್ಟು, ನೀರಿಗೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ನೀರಿನ ಮಟ್ಟವನ್ನು ಲೆಕ್ಕ ಹಾಕುತ್ತದೆ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಂದು ಬಕೆಟ್ ನೀರು ಖರ್ಚಾದರೆ ಮಟ್ಟ ಒಂದೂವರೆ, ಎರಡು ಸೆಂಟಿಮೀಟರು ಇಳಿಯುತ್ತದೆ. ಫೋನಿನಲ್ಲಿ ಅದು ಮೆಟ್ಟಿಲು ಮೆಟ್ಟಿಲಾದ ಗೆರೆಯಾಗಿ ಕಾಣುತ್ತದೆ. ಜರ್ಮನಿಗೆ ಹೋದ ಮೊದಲ ವಾರವೆಲ್ಲ ಅವರಿಗೆ ರಾತ್ರಿ ಎರಡು ಗಂಟೆಗೇ ಎಚ್ಚರವಾಗುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆಯ ಅಂತರ. ಅಂದರೆ ಇಲ್ಲಿ ಐದೂವರೆ. ಹೋಟೆಲಿನ ಕತ್ತಲಲ್ಲಿ ಮಲಗಿ ಅವರು ಆ ಗೆರೆಯನ್ನು ನೋಡುತ್ತಿದ್ದರು. ಐದೂ ಮುಕ್ಕಾಲಕ್ಕೆ ಒಂದು ಸಣ್ಣ ಮೆಟ್ಟಿಲು: ಅಮ್ಮ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಾರೆ. ಆರೂಕಾಲಕ್ಕೆ ಹೆಂಡತಿಯ ಸ್ನಾನ. ಏಳೂವರೆಗೆ ದೊಡ್ಡ ಇಳಿತ, ಮಗನದು. ಅವನು ನಲ್ಲಿ ನಿಲ್ಲಿಸುವುದೇ ಇಲ್ಲ.

“ಫೋನು ಮಾಡಿದರೆ ಎಲ್ಲರ ಕೆಲಸ ಕೆಡುತ್ತದೆ. ಟ್ಯಾಂಕು ನೋಡಿದರೆ ಯಾರಿಗೂ ತೊಂದರೆ ಇಲ್ಲ” ಎಂದರು. “ಮಗನ ಇಳಿತ ಕಾಣಲಿಲ್ಲ. ರಜೆ ಇರಬಹುದು ಅಂದುಕೊಂಡೆ.”

ಹೆಂಡತಿ ಅವರ ಕಡೆ ತಿರುಗಿ, ಕೋಪವಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು: “ಕಂಡಿತ್ತಾ? ಕಂಡ ಮೇಲೆ ಯಾಕ್ರೀ ಕೇಳಲಿಲ್ಲ?”

ಇದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಆ ದಿನದ ಭೇಟಿಯನ್ನು ನಾನು ಅಲ್ಲಿಗೇ ನಿಲ್ಲಿಸಿದೆ. ಆ ಪ್ರಶ್ನೆ ಉತ್ತರವಿಲ್ಲದೆ ಅವರೊಡನೆ ಮನೆಗೆ ಹೋಗಲಿ ಎಂಬುದು ನನ್ನ ಉದ್ದೇಶವಾಗಿತ್ತು.

ಇಂಥ ಪ್ರಕರಣಗಳಲ್ಲಿ ನಮ್ಮ ವೃತ್ತಿಯವರ ನಾಲಿಗೆಯ ತುದಿಯಲ್ಲಿರುವ ಸಲಹೆ ಎಂದರೆ ಫೋನು ಬಿಡಿ, ಯಂತ್ರ ಬಿಡಿ, ಹವ್ಯಾಸಕ್ಕೆ ಕಡಿವಾಣ ಹಾಕಿ ಎಂಬುದು. ನಾನೂ ಹಿಂದೆ ಹಲವರಿಗೆ ಇದನ್ನೇ ಹೇಳಿದ್ದೇನೆ ಮತ್ತು ಅವರಲ್ಲಿ ಬಹುತೇಕರು ಎರಡನೆಯ ಸಲ ಬರಲಿಲ್ಲ. ಯಂತ್ರದ ಹವ್ಯಾಸವೆಂದರೆ ಸಂಸಾರದಿಂದ ತಪ್ಪಿಸಿಕೊಳ್ಳುವ ದಾರಿ ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ಇದೇ ಮನುಷ್ಯ ತೆಂಗಿನ ತೋಟ ಮಾಡಿಕೊಂಡು ಸಂಜೆಯವರೆಗೆ ಅಲ್ಲೇ ಇದ್ದಿದ್ದರೆ ಯಾರೂ ಅವರನ್ನು ನನ್ನ ಬಳಿಗೆ ಕಳಿಸುತ್ತಿರಲಿಲ್ಲ. ಈ ವ್ಯಕ್ತಿಗೆ ಮನೆಯ ಮೇಲೆ ಗಮನವಿರಲಿಲ್ಲ ಎನ್ನುವಂತಿಲ್ಲ. ಆ ಗಮನ ಕಣ್ಣಿನಲ್ಲೇ ಉಳಿದು ಬಾಯಿಗೆ ಬರುತ್ತಿರಲಿಲ್ಲ ಅಷ್ಟೆ. ಸೆನ್ಸರನ್ನು ಕಿತ್ತರೆ ಇದ್ದ ಒಂದು ದಾರಿಯೂ ಮುಚ್ಚಿಹೋಗುತ್ತಿತ್ತು.

ಆದ್ದರಿಂದ ಟ್ಯಾಂಕಿನ ಸೆನ್ಸರು ಇರಲಿ ಎಂದೆ. ಆದರೆ ಆ ಗೆರೆ ಹೆಂಡತಿಯ ಫೋನಿನಲ್ಲೂ ಕಾಣಬೇಕು, ಅದರಲ್ಲಿ ಕಂಡದ್ದನ್ನು ಹಿಡಿದು “ಹನ್ನೊಂದಕ್ಕೆ ಯಾಕೆ ಸ್ನಾನ ಮಾಡಿದೆ” ಎಂಬಂಥ ತನಿಖೆ ನಡೆಯಕೂಡದು, ಎಂದಿನಂತಿಲ್ಲದ್ದು ಕಂಡ ದಿನ ಕರೆ ಮಾಡಿ ಬಾಯಿಂದಲೇ ವಿಚಾರಿಸಬೇಕು, ಸಂದೇಶ ಕಳಿಸಿ ಸುಮ್ಮನಾಗಬಾರದು. ವೈರ್‌ಮ್ಯಾನ್ ಹಾಕಿದ ಸ್ವಿಚ್ಚನ್ನು ತೆಗೆಯುವಂತಿಲ್ಲ ಎಂಬುದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಎಪ್ಪತ್ತರ ಹತ್ತಿರದ ತಾಯಿ ಕೈಯಿಂದ ನಡೆಸಲಾಗದ ಯಾವ ಯಂತ್ರವೂ ಆ ಮನೆಯಲ್ಲಿರಬಾರದು. ಇದು ತಂತ್ರಜ್ಞಾನ ಬಲ್ಲವರೂ ಒಪ್ಪುವ ಮಾತು ಎಂದು ಅವರೇ ಆಮೇಲೆ ಹೇಳಿದರು. ಊರಿಗೆ ಬಂದ ದಿನ ಕಪಾಟು ತೆರೆಯಬಾರದು, ಮರುದಿನದಿಂದ ದಿನಕ್ಕೆ ಒಂದು ಗಂಟೆ, ಅದೂ ಹಜಾರದಲ್ಲಿ ಎಲ್ಲರ ನಡುವೆ ಕೂತು ಏನು ಬೇಕಾದರೂ ಬೆಸೆಯಬಹುದು ಎಂದೆ.

ಹಜಾರದಲ್ಲಿದ್ದ ಕ್ಯಾಮೆರಾದ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಿಲ್ಲ. ಅದನ್ನು ಅಮ್ಮನ ಸುರಕ್ಷತೆಗಾಗಿ ಹಾಕಿದ್ದೆಂದು ಅವರು ಹೇಳಿದರು. ಇವರು ಊರು ಬಿಟ್ಟ ದಿನವೇ ಅದರ ಮೇಲೆ ಟವೆಲ್ ಹಾಕುತ್ತೇನೆ ಎಂದು ಹೆಂಡತಿ ಹೇಳಿದಾಗ ಅವರು ನಿಜಕ್ಕೂ ಬೆಚ್ಚಿದರು. ಅದು ಕೆಟ್ಟಿದೆ ಎಂದುಕೊಂಡು ಎರಡು ಸಲ ಬದಲಾಯಿಸಿದ್ದರಂತೆ.

ನಿದ್ದೆಯ ಬಗ್ಗೆ ಹೇಳಿದ್ದು ಹೆಚ್ಚೇನಿಲ್ಲ. ದೇಹದ ಗಡಿಯಾರ ಹೊಸ ಜಾಗದ ವೇಳೆಗೆ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚಿನವರ ಒಳಗಡಿಯಾರ ಇಪ್ಪತ್ತನಾಲ್ಕು ಗಂಟೆಗಿಂತ ತುಸು ಉದ್ದವಿರುವುದರಿಂದ ಪಶ್ಚಿಮಕ್ಕೆ ಹೋಗುವುದಕ್ಕಿಂತ ಪೂರ್ವಕ್ಕೆ ಮರಳಿದಾಗ ತೊಂದರೆ ಹೆಚ್ಚು. ಅದಕ್ಕಾಗಿ, ಮರಳಿದ ಮೊದಲೆರಡು ದಿನ ಏಳಲು ತಡವಾದರೂ ಸರಿ, ಆಮೇಲೆ ದಿನದಿನಕ್ಕೆ ಮುಂಚೆ ಎದ್ದು ಎಳೆಬಿಸಿಲಿನಲ್ಲಿ ಅಮಾನಿಕೆರೆಯ ಸುತ್ತ ನಡೆಯಿರಿ, ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗಬೇಡಿ ಎಂದೆ. ನಿದ್ದೆಯ ಜೊತೆಗೆ ಹಸಿವು, ಉತ್ಸಾಹಗಳೂ ಎರಡು ವಾರಕ್ಕೂ ಹೆಚ್ಚು ಕಾಲ ಕುಗ್ಗಿದ್ದರೆ ಅದು ಬರೀ ಪ್ರಯಾಣದ ದಣಿವಲ್ಲ. ಅಂಥವರು ಮನೋವೈದ್ಯರನ್ನು ಕಾಣಬೇಕು, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇವರ ಸ್ಥಿತಿ ಅಲ್ಲಿಗೆ ಹೋಗಿರಲಿಲ್ಲ.

ಇನ್ನು ಸಹೋದ್ಯೋಗಿಯ ಆಕ್ಷೇಪ. ನೀರಿನ ಮೆಟ್ಟಿಲುಗಳಿಂದ ಮನೆಯ ಹೆಂಗಸರ ದಿನಚರಿ ತಿಳಿಯುವುದೂ ಒಂದು ಬಗೆಯ ಕಾವಲೇ ಅಲ್ಲವೇ, ಕ್ಯಾಮೆರಾ ತೆಗೆಸಿದವಳು ಇದನ್ನು ಹೇಗೆ ಉಳಿಸಿದೆ, ಭಾವುಕ ಕಥೆಯೊಂದಕ್ಕೆ ಮರುಳಾಗಿ ಗಂಡಸಿಗೆ ವಿನಾಯಿತಿ ಕೊಟ್ಟೆಯಾ ಎಂದು ಅವರು ಕೇಳಿದರು. ಆಕ್ಷೇಪದಲ್ಲಿ ಹುರುಳಿದೆ. ನಾನು ಹೇಳುವುದಿಷ್ಟೆ: ಸೆನ್ಸರು ಉಳಿಯಬೇಕೋ ಬೇಡವೋ ಎಂದು ಹೆಂಡತಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಎರಡು ಸಲ ಕೇಳಿದೆ. ಎರಡು ಸಲವೂ ಅವರು ಇರಲಿ ಎಂದರು. ಎರಡನೆಯ ಸಲ, “ಅಷ್ಟಾದರೂ ನೋಡ್ತಾರಲ್ಲ” ಎಂದರು. ಈ ಮಾತು ಒಪ್ಪಿಗೆಯೋ ಸೋಲೋ ಎಂದು ಸಹೋದ್ಯೋಗಿ ಕೇಳಿದ್ದಕ್ಕೆ ನಾನು ಆ ದಿನ ಉತ್ತರ ಕೊಡಲಿಲ್ಲ. ಬೇಡ ಎಂದಿದ್ದರೆ ಅದನ್ನೂ ತೆಗೆಸುತ್ತಿದ್ದೆ.

ಇದೇ ಬಗೆಯ ಮನೆಗಳ ಹೆಂಗಸರಿಗೂ ಒಂದು ಮಾತು ಹೇಳಬೇಕು, ಕೇಳಿದವರು ನನ್ನ ಮೇಲೆ ಮುನಿದರೂ ಸರಿ. ದೂರದಲ್ಲಿರುವವರಿಗೆ ಚಿಂತೆಯಾಗದಿರಲಿ ಎಂದು ಜ್ವರವನ್ನು ಮುಚ್ಚಿಟ್ಟು, ಮರಳಿದ ಮೇಲೆ ಅದನ್ನೇ ಅಪರಾಧ ಪಟ್ಟಿಯಲ್ಲಿ ಸೇರಿಸುವುದು ನ್ಯಾಯವಲ್ಲ. ಈ ಹೆಂಡತಿಯೂ ಅದನ್ನು ಒಪ್ಪಿಕೊಂಡರು, ಆದರೆ ಗಂಡನೆದುರು ಒಪ್ಪಿಕೊಳ್ಳಲಿಲ್ಲ.

ನಾಲ್ಕು ತಿಂಗಳ ನಂತರ ಹೆಂಡತಿ ಒಬ್ಬರೇ ಬಂದಿದ್ದರು. ಗಂಡ ಮತ್ತೆ ಜರ್ಮನಿಯಲ್ಲಿದ್ದರು. ಪ್ರಯಾಣ ಕಡಿಮೆಯಾಗಿಲ್ಲ, ಕಡಿಮೆ ಮಾಡಿಸುವುದು ನನ್ನ ಕೈಯಲ್ಲೂ ಇರಲಿಲ್ಲ. ಹಿಂದಿನ ವಾರ ನಡುರಾತ್ರಿ ಎರಡು ಗಂಟೆಗೆ ಫೋನು ಬಂತಂತೆ. ನೀರು ಒಂದೇ ಸಮನೆ ಇಳಿಯುತ್ತಿದೆ, ಯಾರಿಗಾದರೂ ಹುಷಾರಿಲ್ಲವೇ ಎಂದು ಅವರು ಗಾಬರಿಯಿಂದ ಕೇಳಿದರಂತೆ. ಎದ್ದು ನೋಡಿದರೆ ಬಚ್ಚಲಿನ ಫ್ಲಶ್ ಸೋರುತ್ತಿತ್ತು. ವಾಲ್ವು ತಿರುಗಿಸಿ ಬಂದ ಮೇಲೂ ಫೋನು ಇಡಲಿಲ್ಲ, ಅರ್ಧ ಗಂಟೆ ಮಾತನಾಡಿದೆವು ಎಂದರು. ಏನು ಮಾತನಾಡಿದಿರಿ ಎಂದು ಕೇಳಿದೆ.

“ಏನೂ ಇಲ್ಲ ಮೇಡಂ, ಅಲ್ಲಿ ಊಟ ಸೇರಲ್ಲವಂತೆ” ಎಂದು ಹೇಳಿ, ಅಷ್ಟು ಹೊತ್ತಿನಲ್ಲಿ ಫೋನು ಹೊಡೆದುಕೊಂಡರೆ ಅತ್ತೆಗೆ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೇನಾದರೂ ದಾರಿ ಹೇಳಿ ಎಂದು ಕೇಳಿದರು.