ಚಿಪ್ಪು ಎಣಿಸುವವರಿಗೆ ಸಂಬಳ ಯಾರು ಕೊಡ್ತಾರೆ?

ಸಾಗರದ ಓದುಗರೊಬ್ಬರ ಪತ್ರ: "ಮಗಳು ಎರಡನೇ ಪಿಯುಸಿ. ಡಾಕ್ಟರ್ ಆಗು ಅಂದರೆ, ಕಡಲ ಜೀವಿಗಳ ಬಗ್ಗೆ ಓದುತ್ತೇನೆ ಅನ್ನುತ್ತಾಳೆ. ಚಿಪ್ಪು ಎಣಿಸುತ್ತಾ ಕೂರುವವರಿಗೆ ಸಂಬಳ ಕೊಡುವವರು ಯಾರು? ಅದೂ ಒಂದು ವಿಜ್ಞಾನವೇ?"

ಸಂಪಾದಕರ ಉತ್ತರ:

ಎರಡನೇ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ, ಅದು ನನಗೆ ಇಷ್ಟದ್ದು.

1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ರಾಬರ್ಟ್ ಪೇನ್ ಎಂಬ ಜೀವವಿಜ್ಞಾನಿ ಒಂದು ವಿಚಿತ್ರ ಕೆಲಸ ಹಿಡಿದರು. ಆಗ ಅವರಿಗೆ 30 ವರ್ಷ. ಬಂಡೆಯ ಮೇಲೆ 8 ಮೀಟರ್ ಉದ್ದ, 2 ಮೀಟರ್ ಎತ್ತರದ ಜಾಗ ಗುರುತು ಮಾಡಿಕೊಂಡರು. ಇಳಿತದ ಹೊತ್ತಿಗೆ ಹೋಗುವುದು, ಅಂಟಿಕೊಂಡ ನಕ್ಷತ್ರಮೀನುಗಳನ್ನು ಎಬ್ಬಿಸುವುದು, ಕಡಲಿಗೆ ಎಸೆಯುವುದು. ಮತ್ತೆ ಬಂದರೆ ಮತ್ತೆ ಎಸೆಯುವುದು. ಹೋಲಿಸಿ ನೋಡಲು ಬೇಕಲ್ಲ, ಪಕ್ಕದ ಜಾಗ ಮುಟ್ಟಲಿಲ್ಲ. ದಾರಿಹೋಕರು ಏನಂದುಕೊಂಡರೋ!

ಈ ನಕ್ಷತ್ರಮೀನಿನ ಊಟ ಒಂದು ಬಗೆಯ ಚಿಪ್ಪು. ಕುಮಟಾ ಕಡೆ ನೀಲಿಕಲ್ಲು, ಮಂಗಳೂರಿನಲ್ಲಿ ಪಚ್ಚಿಲೆ ಅನ್ನುತ್ತಾರಲ್ಲ, ಅದರ ನೆಂಟ. ತಿನ್ನುವವರಿಲ್ಲದ ಮೇಲೆ ಅದು ಬಂಡೆಯನ್ನೆಲ್ಲ ಆವರಿಸಿತು. 15 ಬಗೆಯ ಜೀವಿಗಳಿದ್ದ ಕಡೆ ಉಳಿದದ್ದು 8. ಅಂದರೆ ಕೊಂದು ತಿನ್ನುವವನಿಂದಲೇ ಮಿಕ್ಕವರಿಗೆ ಜಾಗ ಸಿಗುತ್ತಿತ್ತು! ಇಂಥ ಜೀವಿಗೆ ಪೇನ್ 1969ರಲ್ಲಿ 'ಕೀಸ್ಟೋನ್' ಅಂತ ಹೆಸರಿಟ್ಟರು. ಕಮಾನಿನ ನೆತ್ತಿಯ ಕಲ್ಲು ಅಂತ ಅರ್ಥ. ಅದನ್ನು ಕಿತ್ತರೆ ಕಮಾನೇ ನಿಲ್ಲದು. ಈಗ ಆನೆಯ ಮಾತು ಬಂದಾಗಲೂ ಆ ಪದ ಬಳಸುತ್ತಾರೆ. ಹುಟ್ಟಿದ್ದು ಮಾತ್ರ ಪಾಚಿಗಟ್ಟಿದ ಬಂಡೆಯ ಮೇಲೆ, ಸುಮ್ನೆ ಎಣಿಸುತ್ತಾ ಕೂತವರಿಂದ.

ಸಂಬಳದ ವಿಷಯದಲ್ಲಿ ಸುಳ್ಳು ಹೇಳಲಾರೆ. ಹುದ್ದೆಗಳು ಕಮ್ಮಿ, ಓದು ಜಾಸ್ತಿ. ಸಂಶೋಧನೆಗೆ ಎಂ.ಎಸ್ಸಿ. ಸಾಲದು, ಪಿಎಚ್‌.ಡಿ.ವರೆಗೆ ತಾಳ್ಮೆ ಬೇಕು. ಡಾಲ್ಫಿನ್ ಜೊತೆ ಈಜುವ ಕನಸಿದ್ದರೆ ಈಗಲೇ ಇಳಿಸಿಬಿಡಿ. ಆದರೆ ಬಾಗಿಲು ದೂರವಿಲ್ಲ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದರೆ ಕಾರವಾರದಲ್ಲೇ ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಇದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ನಡೆಯುತ್ತಿದೆ. ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಕೇಂದ್ರಗಳು ಈ ಎರಡೂ ಊರಲ್ಲಿವೆ. ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಪಕ್ಕದ ಗೋವಾದಲ್ಲಿ. ಲೆಕ್ಕಕ್ಕೆ ಹೆದರಬಾರದು ಅಂತ ಮಗಳಿಗೆ ಹೇಳಿ. ಎಣಿಸಿದ ಮೇಲಿನ ಕೆಲಸವೆಲ್ಲ ಅದರದ್ದೇ.

ನಿಮ್ಮೂರಿನ ಹೆಸರಲ್ಲೇ ಸಾಗರವಿದೆ, ಕಡಲು ಮಾತ್ರ ಘಟ್ಟದ ಕೆಳಗೆ, ಅಲ್ವಾ? ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕುಮಟಾ ಕಡೆಯ ಬಂಡೆಗಳಿಗೆ ಹೋಗಿ. ಇಳಿತದ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಅವಳು ಅಲ್ಲಿಂದ ಎದ್ದು ಬರಲು ಎಷ್ಟು ಹೊತ್ತು ಮಾಡುತ್ತಾಳೆ ನೋಡಿ, ನನಗೂ ಬರೆಯಿರಿ.