ಒಂದು ಪುಟಕ್ಕೆ ಹಿಡಿಯದ ಇಟಲಿ

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಬರುವ ಮೇ ತಿಂಗಳಲ್ಲಿ ಮಗ, ಸೊಸೆ ಜೊತೆ ಇಟಲಿಗೆ ಹೊರಟಿದ್ದೇನೆ. ಎಂಟು ದಿನದ ಪ್ಯಾಕೇಜು. ರೋಮ್, ಫ್ಲಾರೆನ್ಸ್, ವೆನಿಸ್. ಇಟಲಿಯ ಜನ ಎಂಥವರು ಎಂದು ಒಂದು ಪುಟದಲ್ಲಿ ಪರಿಚಯ ಮಾಡಿಕೊಡಿ. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಬಗೆಯ ಊಟ. ನಮ್ಮಷ್ಟು ಗೋಜಲು ಇರಲಾರದು. ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ ಎಂಬುದನ್ನೂ ತಿಳಿಸಿ.’

ಮೇಷ್ಟ್ರೇ, ಹೊರಡುವ ಮುಂಚೆ ಅಲ್ಲಿನ ಜನರ ಬಗ್ಗೆ ಕೇಳಿದಿರಲ್ಲ, ಖುಷಿಯಾಯಿತು. ಹೆಚ್ಚಿನವರು ಡಾಲರ್ ಒಯ್ಯಬೇಕೋ ಯೂರೋ ಒಯ್ಯಬೇಕೋ ಅಂತ ಕೇಳಿ ಸುಮ್ಮನಾಗುತ್ತಾರೆ. ಆದರೆ ಆ ಮೂರು ‘ಒಂದೇ’ ಇದೆಯಲ್ಲ, ಅದನ್ನು ಹಾಗೇ ಬಿಡಲು ಮನಸ್ಸಾಗುತ್ತಿಲ್ಲ.

ನಕ್ಷೆಯ ಮಾತು ಬೇಗ ಮುಗಿಸುತ್ತೇನೆ. ಉತ್ತರಕ್ಕೆ ಆಲ್ಪ್ಸ್, ಅದರ ಕೆಳಗೆ ಪೊ ನದಿಯ ಬಯಲು, ಉದ್ದಕ್ಕೂ ಅಪೆನೈನ್ ಬೆಟ್ಟಸಾಲು, ಕೆಳಗೆ ಸಿಸಿಲಿ, ಪಡುವಣಕ್ಕೆ ಸಾರ್ಡಿನಿಯಾ. 20 ಪ್ರಾಂತ್ಯ, ಸುಮಾರು 5.9 ಕೋಟಿ ಜನ. ಇಷ್ಟನ್ನು ನಿಮ್ಮ ಗೈಡ್ ಬಸ್ಸಿನಲ್ಲೇ ಹೇಳುತ್ತಾನೆ.

ಇಟಲಿ ಒಂದು ದೇಶವಾಗಿದ್ದು 1861ರಲ್ಲಿ. ವೆನಿಸ್ ಸೇರಿದ್ದು 1866ಕ್ಕೆ, ರೋಮ್ 1870ಕ್ಕೆ. ಅದಕ್ಕೂ ಮುಂಚೆ ವೆನಿಸ್ ನೂರಾರು ವರ್ಷ ಸ್ವಂತ ಗಣರಾಜ್ಯ, ನೇಪಲ್ಸ್‌ಗೆ ಅದರದೇ ರಾಜ, ರೋಮಿಗೆ ಪೋಪರೇ ದೊರೆ. ದೇಶ ಕಟ್ಟಿದ ಕಾವೂರ್‌ಗೇ ಇಟಾಲಿಯನ್‌ಗಿಂತ ಫ್ರೆಂಚ್ ಸಲೀಸು! ಆಗ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಅಂತ ಒಬ್ಬ ವಿದ್ವಾಂಸರ ಅಂದಾಜು, ಹತ್ತರ ಆಸುಪಾಸು ಅಂತ ಇನ್ನೊಬ್ಬರದು. ಜಾಸ್ತಿಯದನ್ನೇ ಹಿಡಿದರೂ ನೂರರಲ್ಲಿ ತೊಂಬತ್ತು ಜನಕ್ಕೆ ದೇಶದ ಭಾಷೆ ಬರುತ್ತಿರಲಿಲ್ಲ.

ಒಂದಾಗಿದ್ದರಿಂದ ಒಳ್ಳೆಯದೂ ಆಯಿತು, ಇಲ್ಲ ಅನ್ನುವುದಿಲ್ಲ. ರೈಲು ಬಂತು, ಶಾಲೆ ಬಂತು. 1960ರ ದಶಕದಲ್ಲಿ ಆಲ್ಬೆರ್ಟೊ ಮಾಂಜಿ ಎಂಬ ಮೇಷ್ಟ್ರು ಟಿವಿಯಲ್ಲಿ ದೊಡ್ಡ ಹಾಳೆಯ ಮೇಲೆ ಚಿತ್ರ ಬರೆಯುತ್ತಾ ವಯಸ್ಸಾದವರಿಗೆ ಅಕ್ಷರ ಕಲಿಸಿದರು. ನಿಮ್ಮ ಕಸುಬಿನವರು, ನಮಸ್ಕಾರ ಹೇಳೋಣ.

ಈಗ ಸಿಯೆನಾಕ್ಕೆ ಬನ್ನಿ. ಫ್ಲಾರೆನ್ಸಿನಿಂದ ಒಂದೂವರೆ ಗಂಟೆ ದಾರಿ, ನಿಮ್ಮ ಪ್ಯಾಕೇಜಿನಲ್ಲಿಲ್ಲ. ಅಷ್ಟು ಚಿಕ್ಕ ಊರಿನಲ್ಲಿ 17 ಕೇರಿಗಳು. ಪ್ರತಿ ಕೇರಿಗೂ ಬೇರೆ ಬಾವುಟ, ಬೇರೆ ಚರ್ಚು, ಮಕ್ಕಳಿಗೆ ಕೇರಿಯದೇ ದೀಕ್ಷಾಸ್ನಾನ. ಜುಲೈ 2 ಮತ್ತು ಆಗಸ್ಟ್ 16ಕ್ಕೆ ಊರ ಚೌಕದಲ್ಲಿ ಮಣ್ಣು ಹಾಸಿ ಕುದುರೆ ಓಡಿಸುತ್ತಾರೆ. ಹತ್ತು ಕೇರಿಗಳ ಹತ್ತು ಕುದುರೆ, ಜೀನು ಇಲ್ಲ, ಮೂರು ಸುತ್ತು. ಒಂದೂವರೆ ನಿಮಿಷದೊಳಗೆ ಮುಗಿಯಿತು. ಸವಾರ ಬಿದ್ದರೂ ಕುದುರೆ ಒಂದೇ ಮೊದಲು ಬಂದರೆ ಗೆದ್ದ ಹಾಗೆ. ಓಟಕ್ಕೆ ಮುಂಚೆ ಕುದುರೆಯನ್ನು ಚರ್ಚಿನ ಒಳಗೇ ಕರೆತಂದು ಪಾದ್ರಿಯಿಂದ ಆಶೀರ್ವಾದ ಮಾಡಿಸುತ್ತಾರೆ. ಅಲ್ಲಿ ಅದು ಲದ್ದಿ ಹಾಕಿತೋ, ಶುಭಶಕುನ! ಆಮೆ ಕೇರಿಗೂ ಬಸವನಹುಳುವಿನ ಕೇರಿಗೂ ತಲೆತಲಾಂತರದ ಹಗೆ. ಕುದುರೆ ಓಟದಲ್ಲಿ ಸೆಣಸುವವರು ಆಮೆ ಮತ್ತು ಬಸವನಹುಳು, ನೋಡಿ. ಗಂಡ ಒಂದು ಕೇರಿ, ಹೆಂಡತಿ ಎದುರಾಳಿ ಕೇರಿಯಾದರೆ ಓಟದ ಹಬ್ಬದ ನಾಲ್ಕು ದಿನ ಇಬ್ಬರೂ ತಂತಮ್ಮ ಕೇರಿಗೆ ಹೋಗಿಬಿಡುವುದುಂಟು. ಇವರನ್ನು ‘ಇಟಲಿಯ ಜನ’ ಅಂತ ನಾನು ಯಾವ ಬಾಯಲ್ಲಿ ಪರಿಚಯಿಸಲಿ?

ಲಿವೋರ್ನೊ, ಪೀಸಾ ಪಕ್ಕಪಕ್ಕದ ಊರುಗಳು. ‘ಬಾಗಿಲಲ್ಲಿ ಪೀಸಾದವನು ನಿಲ್ಲುವುದಕ್ಕಿಂತ ಮನೆಯಲ್ಲಿ ಹೆಣ ಇರುವುದೇ ಮೇಲು’ ಎಂಬ ಗಾದೆ ಇದೆ. ಪೀಸಾದವರ ಉತ್ತರ: ‘ದೇವರು ನಿಮ್ಮ ಆಸೆ ಈಡೇರಿಸಲಿ.’ ಕಂಡರಾಗದವರು ಇಷ್ಟು ಚೆನ್ನಾಗಿ ಜಗಳ ಆಡೋದಾದರೆ ನನಗೆ ಅದೂ ಇಷ್ಟ. ಧರ್ಮ ಒಂದೇ ಅಂದಿರಿ. ಹೆಚ್ಚಿನವರು ಕ್ಯಾಥೊಲಿಕರು, ಸರಿ. ಆದರೆ ಊರಿಗೊಬ್ಬ ಕಾಯುವ ಸಂತ, ಊರಿಗೊಂದು ರಜೆ. ಡಿಸೆಂಬರ್ 7ಕ್ಕೆ ಮಿಲಾನ್‌ನಲ್ಲಿ ಸಂತ ಆಂಬ್ರೋಸನ ಹಬ್ಬದ ರಜೆ, ರೋಮಿನವರಿಗೆ ಅಂದು ಮಾಮೂಲಿ ಕೆಲಸದ ದಿನ.

ಇದನ್ನೆಲ್ಲ ಒಂದೇ ಅಚ್ಚಿಗೆ ಹಾಕಲು ಹೋದವರು ಏನು ಮಾಡಿದರು ಗೊತ್ತೇ? ಮುಸೊಲಿನಿಯ ಕಾಲದಲ್ಲಿ ಉತ್ತರದ ಗಡಿಯ ಶಾಲೆಗಳಿಂದ ಜರ್ಮನ್ ಮತ್ತು ಸ್ಲೊವೇನ್ ತೆಗೆಸಿದರು, ಊರುಗಳ ಹೆಸರನ್ನೇ ಬದಲಿಸಿದರು. 1999ರಲ್ಲಿ ಬಂದ ಕಾನೂನು 12 ಅಲ್ಪಸಂಖ್ಯಾತ ಭಾಷೆಗಳಿಗೆ ಮಾನ್ಯತೆ ಕೊಟ್ಟಿತು. ಸಾರ್ಡಿನಿಯಾದ ಮಾತಿಗೆ ಜಾಗ ಸಿಕ್ಕಿತು. ಲಕ್ಷಾಂತರ ಜನ ಆಡುವ ನೇಪಲ್ಸಿನ ಮಾತು, ಸಿಸಿಲಿಯ ಮಾತು, ವೆನಿಸಿನ ಮಾತು ಆ ಪಟ್ಟಿಯಲ್ಲೇ ಇಲ್ಲ. ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದ ಹೊಸ್ತಿಲಲ್ಲಿ ನಮ್ಮ ತುಳು ನಿಂತ ಹಾಗೆ ನಿಂತಿವೆ. ಕುಂದಾಪುರದ ಮಾತು, ಬೀದರಿನ ಮಾತು ಟಿವಿಗೆ ಬರುವುದು ನಗಿಸೋಕೆ ಮಾತ್ರ ಅನ್ನುವ ನನ್ನ ಹಳೆಯ ಸಿಟ್ಟು ಈಗ ಎದ್ದು ಕೂತಿದೆ. ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳುತ್ತೇನೆ.

ನಿಮ್ಮ ಕಡೆಗೇ ಒಬ್ಬ ಇಟಲಿಯವನು ಬಂದಿದ್ದ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ, 1623ರಲ್ಲಿ, ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಇಕ್ಕೇರಿಗೆ. ದಾರಿಯಲ್ಲಿ ಒಂದು ಗುಡಿಯ ಜಗಲಿ ಮೇಲೆ ಹುಡುಗರು ರಾಗವಾಗಿ ಹೇಳುತ್ತಾ, ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದರು. ತಪ್ಪಾದರೆ ತಿದ್ದುವವರು ಯಾರು ಅಂತ ಕೇಳಿದ. ಅಲ್ಲಿ ಮೇಷ್ಟ್ರಿರಲಿಲ್ಲ. ನಾಲ್ವರೂ ಒಂದೇ ಕಡೆ ತಪ್ಪುವುದಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ ಅಂದರು. ಇಕ್ಕೇರಿಯ ವೆಂಕಟಪ್ಪ ನಾಯಕನ ದರ್ಬಾರನ್ನೂ ನೋಡಿದವನು ಈ ಹುಡುಗರನ್ನು ಬರೆದಿಡಲು ಮರೆಯಲಿಲ್ಲ. ಎಂಟು ದಿನದ ಪ್ಯಾಕೇಜಿನಲ್ಲಿ ಯಾವ ಜಗಲಿಯ ಮುಂದೆ ನಿಲ್ಲುತ್ತೀರಿ, ಹೇಳಿ?

ನಿಲ್ಲಲು ಜಗಲಿಯಾದರೂ ಉಳಿದಿರಬೇಕಲ್ಲ. ವೆನಿಸಿನ ಹಳೇ ಪಟ್ಟಣದಲ್ಲಿ 1950ರ ಸುಮಾರಿಗೆ ಒಂದು ಮುಕ್ಕಾಲು ಲಕ್ಷ ಜನ ಇದ್ದರು. 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ಮನೆಗಳೆಲ್ಲ ಪ್ರವಾಸಿಗರ ರೂಮುಗಳಾಗುತ್ತಿವೆ. 2024ರಿಂದ ಕೆಲವು ದಿನಗಳಲ್ಲಿ, ಬೆಳಗ್ಗೆ ಬಂದು ಸಂಜೆ ಹೋಗುವವರು ಪ್ರವೇಶ ಶುಲ್ಕ ಕೊಡಬೇಕು. ಊರನ್ನೇ ಪ್ರದರ್ಶನವಾಗಿ ಮಾಡಿ ಟಿಕೆಟ್ ಇಟ್ಟರೆ ಊರಿನವರು ಎಲ್ಲಿಗೆ ಹೋಗಬೇಕು? ನಿಮ್ಮನ್ನು ಬೈಯುತ್ತಿಲ್ಲ ಮೇಷ್ಟ್ರೇ. ಆದರೆ ಒಂದು ಊರು ಬಿಟ್ಟು, ಉಳಿದದ್ದರಲ್ಲಿ ಎರಡು ದಿನ ಜಾಸ್ತಿ ಉಳಿಯಲು ಮಗನಿಗೆ ಹೇಳಿ.

ಇನ್ನು ಊಟ. ಉತ್ತರದಲ್ಲಿ ಬೆಣ್ಣೆ, ಅನ್ನ. ದಕ್ಷಿಣದಲ್ಲಿ ಆಲಿವ್ ಎಣ್ಣೆ, ಗೋಧಿಯ ಪಾಸ್ತಾ. ಕಡಲೆಹಿಟ್ಟು ನಮ್ಮದೇ ಅಂದುಕೊಂಡಿದ್ದೀರಿ, ಅಲ್ವಾ? ಜಿನೋವಾದಲ್ಲಿ ಅದನ್ನು ನೀರು, ಎಣ್ಣೆ, ಉಪ್ಪು ಹಾಕಿ ಕಲಸಿ ಅಗಲ ತಟ್ಟೆಗೆ ಹೊಯ್ದು ಒಲೆಯಲ್ಲಿ ಸುಡುತ್ತಾರೆ. ಸಿಸಿಲಿಯ ಪಾಲೆರ್ಮೊದಲ್ಲಿ ಎಣ್ಣೆಯಲ್ಲಿ ಕರಿದು ಬನ್ನಿನೊಳಗಿಟ್ಟು ಕೊಡುತ್ತಾರೆ. ಪಾರ್ಮಿಜಾನೊ ಚೀಸ್ ಮಾತ್ರ ಬೇಡ ಅನ್ನಿ. ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಹಾಕಲೇಬೇಕೆಂಬುದು ಅದರ ನಿಯಮ. ಅದಕ್ಕೆ ಹಾಲು ಕೊಡುವ ಹಸುಗಳ ಕೊಟ್ಟಿಗೆಗಳಲ್ಲಿ ಪಂಜಾಬಿನ ಸಿಖ್ಖರು ಬಹಳ ಮಂದಿ ದುಡಿಯುತ್ತಾರೆ, ಅದು ಬೇರೆ ಕಥೆ. ಫ್ಲಾರೆನ್ಸಿನಲ್ಲಿ ಬ್ರೆಡ್ಡು, ಟೊಮೆಟೊ ಬೇಯಿಸಿದ ಗಟ್ಟಿ ಸಾರು ಸಿಗುತ್ತೆ, ಮಾಂಸದ ಸಾರು ಹಾಕಿಲ್ಲ ತಾನೇ ಅಂತ ಕೇಳಿಕೊಳ್ಳಿ. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಮರೆತಿದ್ದಾರೆ ಅಂತ ವೇಟರನ್ನು ಕರೆಯಬೇಡಿ.